ಬೆಕ್ಕಿನಲ್ಲಿ ಏನಿದೆ ಅಂತ ನಾಯಿ ಸಾಕಿದವನಿಗೆ ಯಾರಾದರೂ ಹೇಳಿ

ಕರಿಯನ ಅಪ್ಪ:

ಮೊದಲೇ ಹೇಳಿಬಿಡುತ್ತೇನೆ, ನಾನು ನಾಯಿ ಪಾರ್ಟಿ. ಜಗಳಕ್ಕೆ ಬಂದಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ನಮ್ಮ ಕರಿಯ ಹೋಗಿ ಎಂಟು ತಿಂಗಳಾಯಿತು. ಹದಿಮೂರು ವರ್ಷ ಜೊತೆಗಿದ್ದ. ನನ್ನ ಬೈಕಿನ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಬೇರೆ ಬೈಕ್ ಹೋದರೆ ತಲೆಯನ್ನೂ ಎತ್ತುತ್ತಿರಲಿಲ್ಲ. ಹಳೆಯದನ್ನು ಮಾರಿ ಹೊಸ ಬೈಕ್ ತಂದಾಗ ಮೂರು ದಿನ ಪಾಪ ತಬ್ಬಿಬ್ಬು. ನಾಲ್ಕನೇ ದಿನ ಅದರ ಸದ್ದೂ ಬಾಯಿಪಾಠ. ಇಂಥವನ ಜೊತೆ ಬದುಕಿದವನು ನಾನು.

ಈಗ ಮಗಳಿಗೆ ಬೆಕ್ಕು ಬೇಕಂತೆ. ಹೆಂಡತಿಯೂ ಅವಳ ಕಡೆ. "ಇನ್ನೊಂದು ನಾಯಿ ಬೇಡ, ಮತ್ತೆ ಅಷ್ಟು ಅಳೋಕೆ ನನ್ನಿಂದ ಆಗಲ್ಲ" ಅನ್ನುತ್ತಾಳೆ. ಬೆಕ್ಕು ಸತ್ತರೆ ಅಳು ಬರಲ್ವಾ ಅಂತ ಕೇಳಿದೆ. ಉತ್ತರ ಬರಲಿಲ್ಲ, ಬಾಗಿಲು ಹಾಕಿಕೊಂಡ ಸದ್ದು ಬಂತು.

ಹೋದ ವಾರ ಮಗಳ ಗೆಳತಿಯ ಮನೆಗೆ ಹೋಗಿದ್ದೆವು, ಬೆಕ್ಕು ನೋಡಲೆಂದೇ. ಒಂದು ಗಂಟೆ ಕೂತಿದ್ದೆ. ಅದು ಫ್ರಿಜ್ ಮೇಲೆ ಕೂತು, ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿತು. ಬಾ ಬಾ ಅಂದೆ. ಚಿಟಿಕೆ ಹೊಡೆದೆ. ಎದ್ದು ಹೋಗಿ ಕೈ ಚಾಚಿದೆ. ಇಳಿದು ಒಳಗೆ ಹೊರಟೇ ಹೋಯಿತು. ಆ ಮನೆಯವರು "ಅದು ಹಾಗೇನೇ, ಯಾರ ಹತ್ತಿರವೂ ಬರಲ್ಲ" ಅಂದರು. ಅಂದಿದ್ದು ಬೇಜಾರಿನಿಂದ ಅಲ್ಲ, ಹೆಮ್ಮೆಯಿಂದ! ನನಗೆ ತಲೆಗೆ ಹತ್ತದೆ ಇರುವುದು ಆ ಹೆಮ್ಮೆ.

ವಾಕಿಂಗ್ ಬೇಡ, ಜಾಗ ಕಡಿಮೆ ಸಾಕು, ಖರ್ಚು ಕಮ್ಮಿ, ಇವೆಲ್ಲ ಗೊತ್ತು. ಅವು ಅನುಕೂಲ. ಅನುಕೂಲ ನೋಡಿ ಮಿಕ್ಸಿ ತರಬಹುದು, ಪ್ರಾಣಿ ತರುವುದಿಲ್ಲ. ಬೆಕ್ಕನ್ನೇ ಇಷ್ಟಪಡುವವರು, ಯಾಕೆ ಇಷ್ಟ ಅಂತ ಬಿಡಿಸಿ ಹೇಳಿ.

ಅಟ್ಟದ ಬೆಕ್ಕು:

ಸ್ವಭಾವ ಸರ್, ಅಷ್ಟೇ. ಟೆಕ್ಸಾಸ್ ವಿಶ್ವವಿದ್ಯಾಲಯದ ಸ್ಯಾಮ್ ಗಾಸ್ಲಿಂಗ್ ಅನ್ನುವವರು 2010ರಲ್ಲಿ ನಾಲ್ಕೂವರೆ ಸಾವಿರ ಜನರನ್ನು ಕೇಳಿ ನೋಡಿದ್ದಾರೆ. ತಮ್ಮನ್ನು ನಾಯಿ ಕಡೆಯವರು ಅಂದುಕೊಂಡವರು ಜನರ ಜೊತೆ ಬೆರೆಯುವುದು ಜಾಸ್ತಿ. ಬೆಕ್ಕಿನ ಕಡೆಯವರಿಗೆ ಹೊಸ ವಿಷಯಗಳಲ್ಲಿ ಕುತೂಹಲ ಜಾಸ್ತಿ, ಆತಂಕವೂ ಸ್ವಲ್ಪ ಜಾಸ್ತಿ. ನನ್ನ ವಿಷಯದಲ್ಲಿ ಎರಡೂ ಸರಿ. ಮನೆಗೆ ಯಾರಾದರೂ ಬಂದರೆ ನಾನು ಮತ್ತು ನನ್ನ ಬೆಕ್ಕು ಒಂದೇ ರೂಮಿನಲ್ಲಿ ಅಡಗಿಕೊಳ್ಳುತ್ತೇವೆ.

ಬೆಲ್ಟ್ ಹಿಡಿದವ:

ಕರಿಯನ ಅಪ್ಪ ಅವರಿಗೆ ನನ್ನ ವೋಟು. ಬೆಕ್ಕಿನವರು ಎಲ್ಲದಕ್ಕೂ ಒಂದು ಚಂದದ ಹೆಸರಿಡುತ್ತಾರೆ. ಕರೆದರೆ ಬರದಿದ್ದರೆ ಸ್ವಾಭಿಮಾನ. ಪರಚಿದರೆ ತನ್ನ ಗಡಿ ಹೇಳಿತಂತೆ. ನನ್ನ ಭಾವ ಹಾಗೆ ಮಾಡಿದರೆ ನಾವು ಬೇರೆ ಪದ ಬಳಸುತ್ತೇವೆ.

ನನಗೆ ನಾಯಿ ಬಂದ ಮೇಲೆ ಅಕ್ಕಪಕ್ಕದವರ ಪರಿಚಯ ಆಯಿತು. ಅಲ್ಲಿಯ ತನಕ ನಾಲ್ಕು ವರ್ಷ ಲಿಫ್ಟಿನಲ್ಲಿ ಮೊಬೈಲ್ ನೋಡುತ್ತಾ ನಿಂತಿದ್ದೆ. ಬೆಳಗ್ಗೆ ಆರಕ್ಕೆ ಎದ್ದು ನಡೆಯುವ ಅಭ್ಯಾಸ ಡಾಕ್ಟರ್ ಹೇಳಿದಾಗ ಬರಲಿಲ್ಲ, ನಾಯಿ ಚಾದರ ಎಳೆದಾಗ ಬಂತು. ಬೆಕ್ಕು ಯಾರನ್ನಾದರೂ ಮನೆಯಿಂದ ಹೊರಗೆ ಕರೆದುಕೊಂಡು ಹೋಗಿದ್ದು ಇದೆಯಾ?

ಇನ್ನೊಂದು ಮಾತು. ಹೊರಗೆ ಬಿಟ್ಟ ಬೆಕ್ಕು ಹಕ್ಕಿ ಹಿಡಿಯುತ್ತದೆ. ಹೊಟ್ಟೆ ತುಂಬಿದ್ದರೂ ಹಿಡಿಯುತ್ತದೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ತರುವುದಾದರೆ ಮನೆಯೊಳಗೇ ಇಟ್ಟುಕೊಳ್ಳಿ.

ರಾತ್ರಿ ಪಾಳಿ:

ಕರಿಯನ ಅಪ್ಪ ಅವರೇ, ಆ ಹೆಮ್ಮೆ ಯಾಕೆ ಅಂತ ಕೇಳಿದಿರಲ್ಲ, ಅದೊಂದಕ್ಕೇ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಾನು ನರ್ಸ್. ತಿಂಗಳಲ್ಲಿ ಅರ್ಧಕ್ಕೂ ಜಾಸ್ತಿ ನೈಟ್ ಡ್ಯೂಟಿ. ಒಬ್ಬಳೇ ಇರುತ್ತೇನೆ. ಜನರನ್ನು ಕಂಡರೆ ಅಡಗಿಕೊಳ್ಳುವವಳಂತೂ ಅಲ್ಲ, ನಾನು ಕೂಗಿದರೆ ವಾರ್ಡಿನ ಕೊನೆಯ ಬೆಡ್ಡಿನವರೂ ಎದ್ದು ಕೂರುತ್ತಾರೆ. ಅಪ್ಪನ ಮನೆಯಲ್ಲಿ ನಾಯಿ ಇತ್ತು, ಅದರ ಮೇಲೆ ಜೀವ ಇಟ್ಟುಕೊಂಡಿದ್ದೆ. ಹಾಗಾಗಿ ಎರಡೂ ಕಡೆ ಗೊತ್ತು.

ನಾಯಿ ನಮ್ಮ ಮುಖ ಓದುತ್ತದೆ. ಅದು ಮನುಷ್ಯನ ಜೊತೆ ಬದುಕಲು ಶುರುಮಾಡಿ ಕನಿಷ್ಠ 14,000 ವರ್ಷ ಆಗಿದೆ, ಅಷ್ಟು ದಿನವೂ ಮಾಡಿದ್ದು ಅದನ್ನೇ. ಅದರ ಮುಖವೇ ನಮಗಾಗಿ ಬದಲಾಗಿದೆ. ಒಳಹುಬ್ಬು ಮೇಲೆತ್ತಿ ಪಾಪದ ಮುಖ ಮಾಡುತ್ತದಲ್ಲ, ಅದಕ್ಕೆ ಬೇಕಾದ ಸ್ನಾಯು ನಾಯಿಗೆ ಚೆನ್ನಾಗಿ ಬೆಳೆದಿರುತ್ತದೆ, ತೋಳದಲ್ಲಿ ಅದು ಸರಿಯಾಗಿ ಇರುವುದೇ ಇಲ್ಲ ಅಂತ 2019ರಲ್ಲಿ ಕೊಯ್ದು ನೋಡಿದವರು ಬರೆದಿದ್ದಾರೆ. ನಾಯಿ ನಮ್ಮನ್ನು ನೋಡಿದಾಗ ಕರಗುವುದು ನಮ್ಮ ತಪ್ಪಲ್ಲ ಅನ್ನಿ.

ಆದರೆ ಓದಿಸಿಕೊಳ್ಳುವುದು ಎಲ್ಲರಿಗೂ ಎಲ್ಲ ದಿನವೂ ಸುಲಭ ಅಲ್ಲ. ನಾನು ಅಪ್ಪನ ಮನೆಯಲ್ಲಿದ್ದಾಗ ಒಂದು ರಾತ್ರಿ ನನ್ನ ಡ್ಯೂಟಿಯಲ್ಲಿ ಇಬ್ಬರು ತೀರಿಕೊಂಡರು. ಬೆಳಗ್ಗೆ ಮನೆಗೆ ಬಂದೆ. ನಾಯಿ ಎಂದಿನ ಹಾಗೆ ಕುಣಿಯಿತು. ಅಷ್ಟು ಖುಷಿಗೆ ನಾನೂ ಏನಾದರೂ ಕೊಡಬೇಕಲ್ಲ, ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಸುಮ್ನೆ ತಲೆ ಸವರಿದೆ. ಅದು ನನ್ನ ಮುಖ ನೋಡಿ ಬಾಲ ಇಳಿಸಿತು. ಅದಕ್ಕೆ ಅರ್ಥವಾಗಿತ್ತು. ಅದೇ ನನಗೆ ತಡೆಯಲು ಆಗಲಿಲ್ಲ. ರಾತ್ರಿಯೆಲ್ಲ ಜನರ ಮುಖಗಳಿಗೆ ಉತ್ತರ ಕೊಟ್ಟು ಬಂದಿದ್ದೇನೆ, ಬಾಗಿಲಲ್ಲಿ ಮತ್ತೊಂದು ಮುಖ ಕಾಯುತ್ತಿದೆ. ಅದನ್ನೂ ಸಮಾಧಾನ ಮಾಡಬೇಕು.

ಈಗ ಇರುವ ಬೆಕ್ಕಿನ ಹೆಸರು ಮೇಡಮ್ಮ. ನಡಿಗೆ ನೋಡಿ ಇಟ್ಟ ಹೆಸರು. ನಾನು ಬೆಳಗ್ಗೆ ಬಾಗಿಲು ತೆರೆದಾಗ ವಾಷಿಂಗ್ ಮೆಷಿನ್ ಮೇಲೆ ಕೂತಿರುತ್ತಾಳೆ. ಒಂದು ಕಣ್ಣು ತೆರೆಯುತ್ತಾಳೆ, ನಾನೇ ಅಂತ ಖಾತ್ರಿ ಮಾಡಿಕೊಂಡು ಮುಚ್ಚುತ್ತಾಳೆ. ನಾನು ಸ್ನಾನ ಮಾಡಿ, ಗೋಡೆ ನೋಡುತ್ತಾ ಕೂತು, ಅಳಬೇಕಿದ್ದರೆ ಅತ್ತು ಮುಗಿಸುವ ತನಕ ಅವಳು ನನ್ನಿಂದ ಏನನ್ನೂ ಕೇಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಾಳೆ. ತೊಡೆ ಮೇಲೆ ಅಲ್ಲ, ಪಕ್ಕದಲ್ಲಿ. ಒಂದು ಗೇಣು ಜಾಗ ಬಿಟ್ಟು.

ಮೊದಮೊದಲು ಅದೂ ಇರಲಿಲ್ಲ. ತಂದ ಮೂರು ವಾರ ಮಂಚದ ಕೆಳಗೇ ಇದ್ದಳು. ಬೆಕ್ಕು ಸಾಕಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಅಂದರೆ ಬೆಳಗ್ಗೆ ಖಾಲಿಯಾದ ಬಟ್ಟಲು ಮತ್ತು ಅವಳ ಕಕ್ಕಸಿನ ಟ್ರೇಯಲ್ಲಿ ಕೆದಕಿದ ಮರಳು. ಒಂದು ದಿನ ನೆಲದ ಮೇಲೆ ಕೂತು ಯೂನಿಫಾರ್ಮ್ ಮಡಚುತ್ತಿದ್ದೆ. ಸದ್ದಿಲ್ಲದೆ ಬಂದು ಬಟ್ಟೆ ರಾಶಿ ಮೇಲೆ ಕೂತಳು, ನನಗೆ ಬೆನ್ನು ಹಾಕಿ. ಮೂರು ವಾರ ಕಾದಿದ್ದು ಬೆನ್ನು ನೋಡೋಕಾ ಅಂತ ಕೋಪ ಬಂತು. ಆಮೇಲೆ ಯೋಚಿಸಿದೆ. ಭಯ ಇರುವ ಕಡೆ ಯಾವ ಬೆಕ್ಕೂ ಬೆನ್ನು ಹಾಕಿ ಕೂರುವುದಿಲ್ಲ. ನನ್ನ ಮೇಲೆ ಕಣ್ಣಿಡಬೇಕಿಲ್ಲ ಅಂತ ಅವಳು ಅವತ್ತು ತೀರ್ಮಾನ ಮಾಡಿದ್ದಳು. ಆ ದಿನ ನಾನು ಮಲಗಲೇ ಇಲ್ಲ, ಖುಷಿಗೆ.

ಆಗಿನಿಂದ ಓದುವ ಕೆಲಸ ನನ್ನದು. ಬಾಲ ನೆಟ್ಟಗೆ ನಿಲ್ಲಿಸಿ, ತುದಿ ಸ್ವಲ್ಪ ಬಗ್ಗಿಸಿ ಬಂದರೆ ನಮಸ್ಕಾರ. ಬಾಲ ಪಟಪಟ ನೆಲಕ್ಕೆ ಬಡಿದರೆ ಮುಟ್ಟಿದ್ದು ಸಾಕು ಅಂತ. ಕಿವಿ ಪಕ್ಕಕ್ಕೆ ಬಾಗಿದರೆ ಕೈ ತೆಗೆಯಲು ಎರಡು ಸೆಕೆಂಡ್ ಟೈಮ್ ಇದೆ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಅಪರೂಪ, ಆ ಸದ್ದು ಹೆಚ್ಚಾಗಿ ಮನುಷ್ಯರಿಗೆ ಅಂತಲೇ ಇಟ್ಟುಕೊಂಡಿರುವುದು. ಮೇಡಮ್ಮನಿಗೆ ಮೂರು ಬಗೆ ಇದೆ. ಗಿಡ್ಡದ್ದು ಬಟ್ಟಲಿಗೆ. ಉದ್ದದ್ದು, ನಾನು ಬಚ್ಚಲ ಬಾಗಿಲು ಹಾಕಿಕೊಂಡಾಗ. ಮೂರನೆಯದರಲ್ಲಿ ಬಾಯಿ ಮಾತ್ರ ತೆರೆಯುತ್ತದೆ, ಸದ್ದೇ ಬರುವುದಿಲ್ಲ. ಅದಕ್ಕೆ ಅರ್ಥ ಇನ್ನೂ ಸಿಕ್ಕಿಲ್ಲ.

ಹೆಸರು ಕರೆದರೆ ಗೊತ್ತಾಗಲ್ವಾ ಅಂದರೆ ಗೊತ್ತಾಗುತ್ತದೆ. ಜಪಾನಿನವರು 2019ರಲ್ಲಿ ಪರೀಕ್ಷೆ ಮಾಡಿದ್ದಾರೆ, ಬೇರೆ ಪದಗಳ ನಡುವೆ ತಮ್ಮ ಹೆಸರು ಬಂದರೆ ಕಿವಿ ತಿರುಗಿಸುತ್ತವೆ, ತಲೆ ಹೊರಳಿಸುತ್ತವೆ. ಎದ್ದು ಬರಬೇಕು ಅಂತ ಯಾರೂ ಅವಕ್ಕೆ ಹೇಳಿಕೊಟ್ಟಿಲ್ಲ. ನಾಯಿಯನ್ನು ಬೇಟೆಗೆ, ಕಾವಲಿಗೆ, ಕುರಿ ಕಾಯಲು ಅಂತ ಆರಿಸಿ ಆರಿಸಿ ಬೆಳೆಸಿದೆವು. ಬೆಕ್ಕನ್ನು ಯಾರೂ ಕರೆಯಲಿಲ್ಲ. ಮನುಷ್ಯ ಕಾಳು ಕೂಡಿಡಲು ಶುರುಮಾಡಿದ, ಕಾಳಿಗೆ ಇಲಿ ಬಂತು, ಇಲಿ ಹಿಂದೆ ಕಾಡುಬೆಕ್ಕು ಬಂತು. ಹೀಗೆ ಕೆಲಸ ಹುಡುಕಿಕೊಂಡು ತಾನೇ ಬಂದವಳು, ನಮ್ಮ ರೂಲ್ಸ್ ಅವಳಿಗೆ ಯಾಕೆ.

ಹಾಗಂತ ಬರೀ ವ್ಯವಹಾರವೂ ಆಗಿ ಉಳಿಯಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಒಬ್ಬ ಮನುಷ್ಯ, ಅವನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಒಂದು ಬೆಕ್ಕು. ಆ ದ್ವೀಪದಲ್ಲಿ ಮೊದಲು ಬೆಕ್ಕೇ ಇರಲಿಲ್ಲ, ದೋಣಿಯಲ್ಲಿ ಯಾರೋ ಕರೆದುಕೊಂಡು ಹೋಗಿರಬೇಕು. ಆ 40 ಸೆಂಟಿಮೀಟರ್ ಓದಿದಾಗ ನನಗೆ ನಗು ಬಂತು. ಮೇಡಮ್ಮ ಬಿಡುವ ಜಾಗಕ್ಕಿಂತ ಒಂದು ಗೇಣು ಜಾಸ್ತಿ ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಆ ಮನೆಯವರು ಸುಳ್ಳು ಹೇಳಿದ್ದಾರೆ. ಯಾರ ಹತ್ತಿರವೂ ಬರಲ್ಲ ಅನ್ನುವ ಬೆಕ್ಕು, ನೀವು ಹೋದ ಮೇಲೆ ಅವರಲ್ಲಿ ಒಬ್ಬರ ಕಾಲ ಬುಡದಲ್ಲಿ ಮಲಗಿರುತ್ತದೆ. ಕಷ್ಟದ ಲಿಪಿ ಕಲಿತವರಿಗೆ ಇರುವ ಹೆಮ್ಮೆ ಅದು, ಸ್ವಲ್ಪ ಅತಿಯಾದದ್ದೇ. ನೀವು ಎದ್ದು ಹೋಗಿ ಕೈ ಚಾಚಿದಿರಿ, ಚಿಟಿಕೆ ಹೊಡೆದಿರಿ. ನಾಯಿಯ ಭಾಷೆಯಲ್ಲಿ ಅದು ಸ್ನೇಹ. ಫ್ರಿಜ್ ಮೇಲೆ ಕೂತವಳಿಗೆ ಒಬ್ಬ ದೊಡ್ಡ ಅಪರಿಚಿತ ಕಣ್ಣಲ್ಲಿ ಕಣ್ಣಿಟ್ಟು ಮೇಲೆ ಬಂದ ಹಾಗೆ. ಮುಂದಿನ ಸಲ ದೂರದಲ್ಲೇ ಕೂತು, ಅವಳು ನೋಡಿದಾಗ ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆಯಿರಿ. ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಹಾಗೆ ಮಾಡಿದ ಅಪರಿಚಿತರ ಹತ್ತಿರ ಬೆಕ್ಕುಗಳು ಹೋಗುವುದು ಜಾಸ್ತಿ ಆಯಿತು.

ಬೆಲ್ಟ್ ಹಿಡಿದವರೇ, ಬೆಕ್ಕು ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ, ಒಪ್ಪಿದೆ. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸುತ್ತಾಳೆ, ಅದೂ ರಜೆಯ ದಿನ. ಮೇಜಿನ ಮೇಲಿನ ಲೋಟವನ್ನು ನನ್ನ ಮುಖ ನೋಡುತ್ತಲೇ ಕೆಳಗೆ ತಳ್ಳುತ್ತಾಳೆ. ಇದಕ್ಕೆ ಚಂದದ ಹೆಸರು ನನ್ನ ಹತ್ತಿರವೂ ಇಲ್ಲ.

ಕರಿಯನ ಅಪ್ಪ:

ಎರಡು ಸಲ ಓದಿದೆ. ನಾಯಿ ಬಾಲ ಇಳಿಸಿದ್ದು ಬರೆದಿದ್ದೀರಲ್ಲ, ಅಲ್ಲಿ ಸಿಕ್ಕಿಹಾಕಿಕೊಂಡೆ.

ನಾನೂ ನನ್ನ ಹೆಂಡತಿಯೂ ಜೋರು ಮಾತಾಡಿದರೆ ಕರಿಯ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದ. ನಾವು ನಿಲ್ಲಿಸಿದ ಮೇಲೆ ಬಂದು ಮೊದಲು ಅವಳ ಕೈ ನೆಕ್ಕುತ್ತಿದ್ದ, ಆಮೇಲೆ ನನ್ನ ಕೈ. ಎಷ್ಟು ಜಾಣ ನೋಡು ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವನಿಗೆ ಅದೆಷ್ಟು ಕಷ್ಟ ಆಗಿರಬಹುದು ಅಂತ ಹದಿಮೂರು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ರಾತ್ರಿ ಇದನ್ನು ಹೆಂಡತಿಗೆ ಹೇಳಿದೆ. "ಅದಕ್ಕೇ ನಾನು ಇನ್ನೊಂದು ನಾಯಿ ಬೇಡ ಅಂದಿದ್ದು" ಅಂದಳು.

ಅದು ಬಿಡಿ. ತರುವುದು ಅಂತ ಹೆಚ್ಚುಕಮ್ಮಿ ಆಗಿದೆ. ಕರಿಯನ ಬಟ್ಟಲು, ಅರ್ಧ ಚೀಲ ಡಾಗ್ ಫುಡ್, ಉಣ್ಣಿಗೆ ಹಾಕುವ ಔಷಧಿ ಎಲ್ಲ ಹಾಗೇ ಇದೆ. ಬೆಕ್ಕಿಗೆ ಆಗುತ್ತದಲ್ವಾ?

ಟ್ರೇ ತೊಳೆಯುವವಳು:

ಆಗುವುದಿಲ್ಲ! ದಯವಿಟ್ಟು ಮುಂದೆ ಓದಿ. ನಾನು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಸಹಾಯಕಿ, ಡಾಕ್ಟರ್ ಅಲ್ಲ. ಆದರೆ ಇಂಥ ಕೇಸು ಬಂದಾಗ ಬೆಕ್ಕನ್ನು ಹಿಡಿದುಕೊಳ್ಳುವವಳು ನಾನೇ.

ಮೊದಲು ಉಣ್ಣಿ ಔಷಧಿ. ನಾಯಿಯ ಕುತ್ತಿಗೆ ಮೇಲೆ ಹನಿ ಹಾಕುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗುವುದಿಲ್ಲ. ಬೆಕ್ಕಿನ ದೇಹ ಅದನ್ನು ಒಡೆದು ಹೊರಹಾಕಲಾರದು. ನಡುಕ, ಫಿಟ್ಸ್, ಸಾವು. ಚಿಕ್ಕ ನಾಯಿಯದ್ದು ಅಲ್ವಾ, ಸ್ವಲ್ಪ ಹಾಕಿದರೆ ಏನು ಅಂದುಕೊಂಡು ಹಾಕಿ ತಂದವರನ್ನು ನೋಡಿದ್ದೇನೆ. ಆ ಡಬ್ಬಿ ಮನೆಯಿಂದ ಹೊರಗೆ ಹೋಗಲಿ.

ಡಾಗ್ ಫುಡ್ ಕೂಡ ಬೇಡ. ಒಂದು ದಿನ ಕದ್ದು ತಿಂದರೆ ಗಾಬರಿ ಬೇಡ, ದಿನಾ ಅದೇ ಆದರೆ ಕಷ್ಟ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನುವ ಪೋಷಕಾಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು, ಸಾಕಷ್ಟು ತಾನೇ ಮಾಡಿಕೊಳ್ಳಲಾರದು. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗಿ ಹಿಗ್ಗುತ್ತದೆ. ಹೃದಯದ ಈ ನಂಟು ಗೊತ್ತಾಗಿದ್ದೇ 1987ರಲ್ಲಿ. ಹಾಲೂ ಬೇಡ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅರಗದೆ ಭೇದಿ ಆಗುತ್ತದೆ. ಬಟ್ಟಲು ಇಟ್ಟುಕೊಳ್ಳಿ, ಚೆನ್ನಾಗಿ ತೊಳೆದು ನೀರಿಗೆ ಬಳಸಿ.

ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯಲು. ಲಿಲ್ಲಿ ಹೂವನ್ನು ಮನೆಗೆ ತರಬೇಡಿ. ಮೈಮೇಲೆ ಬಿದ್ದ ಪರಾಗ ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ.

ಬೆಕ್ಕು ಅಂದರೆ ಕೆಲಸ ಕಮ್ಮಿ ಅನ್ನುವವರಿಗೆ ಒಂದು ಮಾತು. ನಾಯಿಗೆ ನೋವಾದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಬೆಕ್ಕು ಮುಚ್ಚಿಡುತ್ತದೆ. ನೋವಿನಲ್ಲೂ ಗುರ್ ಗುರ್ ಅನ್ನುತ್ತದೆ, ಅದನ್ನು ಖುಷಿ ಅಂದುಕೊಂಡು ಎರಡು ದಿನ ತಡಮಾಡಿ ತರುತ್ತಾರೆ. ಗಂಡು ಬೆಕ್ಕು ಟ್ರೇಯಲ್ಲಿ ಪದೇಪದೇ ಕೂತು ಎದ್ದು ಮಾಡುತ್ತಿದ್ದರೆ, ಮರಳು ಒದ್ದೆ ಆಗದಿದ್ದರೆ, ಅದು ಮಲಬದ್ಧತೆ ಇರಬಹುದು ಅಂತ ಬೆಳಗಿನ ತನಕ ಕಾಯಬೇಡಿ. ಮೂತ್ರ ಕಟ್ಟಿದ್ದರೆ ಎರಡು ಮೂರು ದಿನದಲ್ಲಿ ಸತ್ತೇ ಹೋಗುತ್ತದೆ. ರಾತ್ರಿ ಪಾಳಿ ಅವರು ಓದುವುದು ಅಂದರಲ್ಲ, ನಮಗೆ ಅದು ಹೀಗೆ.

ಮನೆಯಲ್ಲಿ ಯಾರಿಗಾದರೂ ಸೀನು, ಉಬ್ಬಸ ಇದ್ದರೆ ತರುವ ಮೊದಲೇ ಬೆಕ್ಕಿರುವ ಮನೆಯಲ್ಲಿ ನಾಲ್ಕಾರು ಸಲ ಕೂತು ನೋಡಿ. ಅಲರ್ಜಿ ಬರಿಸುವ ಮುಖ್ಯ ಅಂಶ ಕೂದಲಲ್ಲ, ಎಂಜಲು ಮತ್ತು ಚರ್ಮದ ಎಣ್ಣೆಯಲ್ಲಿರುವ ಒಂದು ಪ್ರೊಟೀನ್. ನೆಕ್ಕಿ ನೆಕ್ಕಿ ಮೈಗೆಲ್ಲ ಬಳಿದುಕೊಂಡಿರುತ್ತದೆ. ಕೂದಲು ಕಮ್ಮಿ ಇರುವ ಜಾತಿ ತಂದರೂ ತಪ್ಪುವುದಿಲ್ಲ.

ಮರಿ ತರುವುದಾದರೆ, ಎರಡರಿಂದ ಏಳು ವಾರದ ಒಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿಯೇ ಅಂತ ಕೇಳಿ ನೋಡಿ. ಆ ವಾರಗಳು ತಪ್ಪಿದರೆ ಆಮೇಲೆ ನೀವು ಎಷ್ಟು ಕಣ್ಣು ಮುಚ್ಚಿ ತೆರೆದರೂ ಬಹಳ ದಿನ ಹಿಡಿಯುತ್ತದೆ.

ಬೆಲ್ಟ್ ಹಿಡಿದವ:

ಇದನ್ನೆಲ್ಲ ಓದಿ ನನ್ನ ನಾಯಿಗೆ ಒಂದು ಬಿಸ್ಕತ್ತು ಜಾಸ್ತಿ ಕೊಟ್ಟೆ.

ಕರಿಯನ ಅಪ್ಪ:

ಔಷಧಿ ಡಬ್ಬಿ ಅವತ್ತೇ ಹೋಯಿತು. ಚೀಲದ ಡಾಗ್ ಫುಡ್ ಬೀದಿ ನಾಯಿಗಳಿಗೆ ದಿನಾ ಒಂದಿಷ್ಟು ಹಾಕುತ್ತಿದ್ದೇನೆ. ಹುಡುಗಿ, ತುಂಬಾ ಥ್ಯಾಂಕ್ಸ್.

ನಿನ್ನೆ ಮತ್ತೆ ಆ ಮನೆಗೆ ಹೋಗಿದ್ದೆ. ಈ ಸಲ ಎದ್ದು ಹೋಗಲಿಲ್ಲ. ಫ್ರಿಜ್ ಕಡೆ ನೋಡಿ ಕಣ್ಣು ನಿಧಾನವಾಗಿ ಮುಚ್ಚಿ ತೆರೆದೆ. ಅದು ಕೈ ನೆಕ್ಕಿಕೊಂಡಿತು. ಮತ್ತೆ ಮಾಡಿದೆ. ಆ ಮನೆಯ ಯಜಮಾನರು ನಿದ್ದೆ ಬರ್ತಿದೆಯಾ ಸರ್ ಅಂತ ಕೇಳಿದರು. ಮುಕ್ಕಾಲು ಗಂಟೆ ಆದ ಮೇಲೆ ಇಳಿದು ಬಂದು ನನ್ನ ಚಪ್ಪಲಿ ಮೂಸಿ, ಕೆನ್ನೆ ಉಜ್ಜಿ ಹೋಯಿತು. ನನಗಲ್ಲ, ಚಪ್ಪಲಿಗೆ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆನಂತೆ, ಮಗಳು ನಗುತ್ತಿದ್ದಾಳೆ.

ಮುಂದಿನ ವಾರ ಮರಿ ಬರುತ್ತದೆ. ಟ್ರೇ ಎಲ್ಲಿಡಬೇಕು ಅನ್ನುವುದೊಂದು ಉಳಿದಿದೆ. ನಡುಮನೆಯಲ್ಲಿ ಕರಿಯ ಮಲಗುತ್ತಿದ್ದ ಮೂಲೆ ಖಾಲಿ ಇದೆ. ಜಾಗ ಸರಿಯಾಗಿದೆ, ಮನಸ್ಸು ಬರುತ್ತಿಲ್ಲ.

ರಾತ್ರಿ ಪಾಳಿ:

ಅಲ್ಲಿ ಬೇಡ. ಜನ ಓಡಾಡದ ಕಡೆ, ಊಟದ ಬಟ್ಟಲಿನಿಂದ ದೂರ ಇಡಿ. ಬಚ್ಚಲ ಪಕ್ಕ ಆದರೆ ತೊಳೆಯಲೂ ಸುಲಭ.

ಆ ಮೂಲೆ ಖಾಲಿಯೇ ಇರಲಿ. ಮರಿ ತಾನಾಗಿ ಅಲ್ಲಿ ಹೋಗಿ ಮಲಗಿದರೆ ಎಬ್ಬಿಸಬೇಡಿ.